ಕೆಸರು, ಹೊಯ್ಗೆ, ಮುರಕಲ್ಲಿನ ಏರು: ಎಸ್‌ಯುವಿಯ ಟ್ರ್ಯಾಕ್ಷನ್ ಕಂಟ್ರೋಲ್ ಕೈಕೊಟ್ಟಿತೆಂದು ಅನ್ನಿಸಿದಾಗ ಪರೀಕ್ಷಿಸುವ ಕ್ರಮ

ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಮಂಗಳೂರು, ಉಡುಪಿಯ ಗ್ಯಾರೇಜುಗಳಿಗೆ ಬರುವ ಎಸ್‌ಯುವಿ ಮಾಲೀಕರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ತೋಟದ ದಾರಿಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಮೇಲೇಳಲಿಲ್ಲ, ಮೀಟರಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗಿತು, ಚಕ್ರದ ಕಡೆಯಿಂದ ಕಟಕಟ ಸದ್ದು ಬಂತು, ಕೊನೆಗೆ ಗಾಡಿ ನಿಂತೇ ಹೋಯಿತು ಎನ್ನುತ್ತಾರೆ. ಈ ವಿವರಣೆಯಲ್ಲಿ ದೋಷವೆಂದು ಹೇಳಬಹುದಾದ ಒಂದು ಲಕ್ಷಣವೂ ಇಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ತನ್ನ ಕೆಲಸ ಮಾಡುವಾಗ ಕಾಣುವುದೂ ಕೇಳುವುದೂ ಹೀಗೆಯೇ. ಆದರೆ ಇದೇ ದೂರಿನ ಜೊತೆಗೆ ದೀಪ ಡಾಂಬರು ರಸ್ತೆಗೆ ಬಂದ ಮೇಲೂ ಆರದೆ ಉಳಿದಿದ್ದರೆ ವಿಷಯ ಬೇರೆಯಾಗುತ್ತದೆ, ಮತ್ತು ನಮ್ಮ ಕರಾವಳಿಯಲ್ಲಿ ಅದರ ಮೂಲವನ್ನು ಮೊದಲು ಹುಡುಕಬೇಕಾದ ಸ್ಥಳ ಕಂಪ್ಯೂಟರಲ್ಲ, ಚಕ್ರದ ಬುಡ. ಇವೆರಡನ್ನೂ ಬೇರ್ಪಡಿಸದೆ ದುಬಾರಿ ಬಿಡಿಭಾಗ ಬದಲಿಸಲು ಹೊರಡುವುದನ್ನು ತಪ್ಪಿಸುವ ಸಲುವಾಗಿ ಈ ಕ್ರಮವನ್ನು ಬರೆದಿಡುತ್ತಿದ್ದೇನೆ.

ವ್ಯವಸ್ಥೆ ಕೆಲಸ ಮಾಡುವ ಬಗೆ

ಟ್ರ್ಯಾಕ್ಷನ್ ಕಂಟ್ರೋಲ್ ನಂಬಿಕೊಂಡಿರುವುದು, ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್‌ಗಾಗಿ ನಾಲ್ಕೂ ಚಕ್ರಗಳಲ್ಲಿ ಕೂರಿಸಿರುವ ವೇಗದ ಸೆನ್ಸರ್‌ಗಳನ್ನು. ಎಂಜಿನ್ನಿನ ಬಲ ಪಡೆಯುವ ಚಕ್ರವೊಂದು ಉಳಿದವುಗಳಿಗಿಂತ ಬೇಗ ತಿರುಗತೊಡಗಿದರೆ ಅದು ನೆಲದ ಹಿಡಿತ ಕಳೆದುಕೊಂಡಿದೆಯೆಂದು ಕಂಟ್ರೋಲ್ ಯೂನಿಟ್ ತೀರ್ಮಾನಿಸಿ, ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ, ಜಾರುತ್ತಿರುವ ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ, ಅಥವಾ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಈ ಎರಡು ಕ್ರಿಯೆಗಳನ್ನು ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ, ಏಕೆಂದರೆ ಮಣ್ಣಿನ ದಾರಿಯಲ್ಲಿ ಬ್ರೇಕಿನ ಕ್ರಿಯೆ ನಮ್ಮನ್ನು ಪಾರುಮಾಡುತ್ತದೆ, ಎಂಜಿನ್ನಿನ ಬಲ ಕಡಿತ ಬಹಳ ಸಲ ನಮ್ಮನ್ನು ಸಿಕ್ಕಿಹಾಕಿಸುತ್ತದೆ.

ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರಿನ ಜೋಡಣೆಯಾದ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಒಂದು ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೂಗಿದ್ದರೆ ಅದನ್ನು ತಿರುಗಿಸಲು ಟಾರ್ಕ್ ಬಹುತೇಕ ಬೇಕಾಗುವುದೇ ಇಲ್ಲ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಅತ್ಯಲ್ಪ ಟಾರ್ಕ್ ಸಿಕ್ಕಿ ಗಾಡಿ ಕದಲುವುದಿಲ್ಲ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಬಿದ್ದಾಗ, ಆ ಬ್ರೇಕನ್ನು ಮೀರಿ ತಿರುಗಿಸಲು ಎಷ್ಟು ಟಾರ್ಕ್ ಬೇಕೋ ಅಷ್ಟೇ ಟಾರ್ಕ್ ನೆಲದ ಮೇಲಿನ ಚಕ್ರಕ್ಕೂ ಹರಿಯುತ್ತದೆ. ಕಟಕಟ ಸದ್ದು ಬರುವುದು ಎಬಿಎಸ್ ಘಟಕದ ಪಂಪು ಮತ್ತು ವಾಲ್ವ್‌ಗಳು ಈ ಬ್ರೇಕನ್ನು ಹಾಕಿ ಬಿಡುವಾಗ. ಗೇರು ಹಲ್ಲು ಮುರಿಯುತ್ತಿದೆಯೆಂದು ಹೆದರಿ ಕಾಲು ತೆಗೆಯುವವರು ಬಹಳ. ಕಾಲು ತೆಗೆದೊಡನೆ ಚಕ್ರ ಜಾರುವುದು ನಿಲ್ಲುತ್ತದೆ, ಬ್ರೇಕೂ ಬಿಡುತ್ತದೆ, ಅಲ್ಲಿಗೆ ದಾಟುವ ಅವಕಾಶವೂ ಹೋಗುತ್ತದೆ.

ಈ ತಂತ್ರಜ್ಞಾನದ ಹಿನ್ನೆಲೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ, ಕಾರಿನ ಸ್ಥಿರತೆಯ ನಿಯಂತ್ರಣವಾದ ಇಎಸ್‌ಪಿ 1995ರಲ್ಲಿ ಜರ್ಮನಿಯ ದೊಡ್ಡ ಕಾರುಗಳ ಮೂಲಕ ಮಾರುಕಟ್ಟೆಗೆ ಬಂದವು. ಟ್ರ್ಯಾಕ್ಷನ್ ಕಂಟ್ರೋಲ್ ಇವೆರಡರ ನಡುವಿನ ಕಾಲದ ಕೂಸು. ಹಿಮ ಬಿದ್ದ ಅಥವಾ ಒದ್ದೆಯಾದ ಹೆದ್ದಾರಿಯಲ್ಲಿ ಕಾರು ಅಡ್ಡ ತಿರುಗದಂತೆ ನೋಡಿಕೊಳ್ಳುವುದು ಇವುಗಳ ಮೂಲ ಉದ್ದೇಶವಾದ್ದರಿಂದ, ಚಕ್ರ ಜಾರುವುದೆಂದರೆ ಅಪಾಯ, ಬಲ ತಗ್ಗಿಸುವುದೆಂದರೆ ರಕ್ಷಣೆ ಎಂಬ ಎಣಿಕೆ ಅವುಗಳ ಲೆಕ್ಕಾಚಾರದಲ್ಲೇ ಸೇರಿಕೊಂಡಿದೆ. ಬೆಳ್ತಂಗಡಿಯ ಕಡೆಯ ಅಡಿಕೆ ತೋಟಕ್ಕಿಳಿಯುವ ಮಣ್ಣಿನ ದಾರಿಯಲ್ಲಿ ಆ ಎಣಿಕೆ ಎಲ್ಲ ಸಲ ಸರಿಹೊಂದುವುದಿಲ್ಲ.

ಮೊದಲು ದೀಪವನ್ನು ನೋಡಿ

ಇಗ್ನಿಷನ್ ಆನ್ ಮಾಡಿದಾಗ ಟ್ರ್ಯಾಕ್ಷನ್ ಮತ್ತು ಎಬಿಎಸ್ ದೀಪಗಳು ಹತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಹತ್ತುವುದೇ ಇಲ್ಲವೆಂದಾದರೆ ಅದೂ ದೋಷವೇ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ತಪ್ಪದೆ ಗಮನಿಸಬೇಕು, ಏಕೆಂದರೆ ಉರಿಯುತ್ತಲೇ ಇರುವ ದೀಪವನ್ನು ರಿಪೇರಿ ಮಾಡುವ ಬದಲು ದೀಪವನ್ನೇ ಆರಿಸಿಟ್ಟು ಮಾರುವವರಿದ್ದಾರೆ.

ಓಡುವಾಗ ದೀಪ ಮಿನುಗಿದರೆ ವ್ಯವಸ್ಥೆ ಆ ಕ್ಷಣದಲ್ಲಿ ಕೆಲಸ ಮಾಡುತ್ತಿದೆ ಎಂದರ್ಥ. ‘ಆಫ್’ ಎಂಬ ಅಕ್ಷರಗಳೊಂದಿಗೆ ಸ್ಥಿರವಾಗಿ ಉರಿದರೆ ಯಾರೋ ಬಟನ್ ಒತ್ತಿದ್ದಾರೆ, ಇಲ್ಲವೇ ಗಾಡಿ ಕಡಿಮೆ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಗೇರಿನ ಹಂತವಾದ ಲೋ ರೇಂಜ್‌ನಲ್ಲಿದೆ. ಮಾರುತಿ ಜಿಮ್ನಿ, ಮಹೀಂದ್ರ ಥಾರ್, ಟೊಯೊಟಾ ಫಾರ್ಚುನರ್ ಮುಂತಾದ ವಾಹನಗಳ ಫೋರ್ ವೀಲ್ ಡ್ರೈವ್ ಮಾದರಿಗಳಲ್ಲಿರುವಂಥ ಲೋ ರೇಂಜ್ ಹಾಕಿದಾಗ, ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಬಲ ಕಡಿತದ ಭಾಗ ಹಿಂದೆ ಸರಿದು ಬ್ರೇಕಿನ ಭಾಗ ಮಾತ್ರ ಉಳಿಯುತ್ತದೆ. ಆಗ ದೀಪ ಉರಿಯುವುದು ಸಹಜ. ಬಟನ್ ಒತ್ತದೆ, ಹೈ ರೇಂಜ್‌ನಲ್ಲಿ, ಗಟ್ಟಿ ರಸ್ತೆಯಲ್ಲಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಮಾತ್ರ ಅದನ್ನು ದೋಷದ ಸೂಚನೆಯೆಂದು ಹಿಡಿಯಬೇಕು. ಅದರೊಂದಿಗೆ ಎಬಿಎಸ್ ದೀಪವೂ ಇದೆಯೇ, ಎಂಜಿನ್ ಚೆಕ್ ದೀಪವೂ ಇದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಎಂಜಿನ್ ಚೆಕ್ ದೀಪ ಜೊತೆಗಿದ್ದರೆ ಹುಡುಕಾಟವನ್ನು ಎಂಜಿನ್ನಿನ ಕಡೆಯಿಂದಲೇ ಆರಂಭಿಸಬೇಕು. ಥ್ರಾಟಲ್ ಅಥವಾ ಗಾಳಿಯ ಹರಿವಿನ ಸೆನ್ಸರ್ ಕೆಟ್ಟಾಗ ಎಂಜಿನ್ ಬಲವನ್ನು ಖಚಿತವಾಗಿ ನಿಯಂತ್ರಿಸಲಾಗದೆ ಟ್ರ್ಯಾಕ್ಷನ್ ಕಂಟ್ರೋಲ್ ತಾನಾಗಿ ಹಿಂದೆ ಸರಿಯುತ್ತದೆ, ಮತ್ತು ಎಂಜಿನ್ ಸರಿಹೋದರೆ ಅದೂ ಮರಳುತ್ತದೆ.

ನೆಲ ಯಾವುದು, ವರ್ತನೆ ಯಾವುದು

ನಮ್ಮ ಜಿಲ್ಲೆಗಳಲ್ಲಿ ಓಡುವ ಎಸ್‌ಯುವಿಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಕೊಡುವಂಥವು. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಜರುಗುವುದರಿಂದ ಬಲ ಬೇಕಾದ ಮುಂದಿನ ಚಕ್ರಗಳೇ ಹಗುರವಾಗುತ್ತವೆ. ಇಂಥ ಗಾಡಿ ಒದ್ದೆ ಮಣ್ಣಿನ ಏರಿನಲ್ಲಿ ನಿಂತರೆ ಅದರಲ್ಲಿ ಯಾವ ಕೊರತೆಯನ್ನೂ ಹುಡುಕಬೇಕಾಗಿಲ್ಲ. ಎರಡೂ ಮುಂದಿನ ಚಕ್ರಗಳು ಸಮನಾಗಿ ಜಾರುತ್ತಿರುವಾಗ ಬ್ರೇಕ್ ಹಾಕಿ ಟಾರ್ಕ್ ದಾಟಿಸಲು ಹಿಡಿತವುಳ್ಳ ಇನ್ನೊಂದು ಬದಿಯೇ ಇರುವುದಿಲ್ಲ.

ಮುರಕಲ್ಲಿನ ಪದವಿನ ಮೇಲೆ ಮಳೆಗಾಲದಲ್ಲಿ ಪಾಚಿ ಹಿಡಿದಿರುತ್ತದೆ, ಅದರ ಮೇಲೆ ಕೆಂಪು ಮಣ್ಣಿನ ತೆಳು ಲೇಪವೂ ಇರುತ್ತದೆ. ಅಡಿಯಲ್ಲಿರುವುದು ಗಟ್ಟಿ ಕಲ್ಲಾದ್ದರಿಂದ ಟೈರಿಗೆ ಸ್ವಲ್ಪವಾದರೂ ಹಿಡಿತ ಸಿಕ್ಕೇ ಸಿಗುತ್ತದೆ. ಇಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲೇಬೇಕು, ಮತ್ತು ಆಕ್ಸಿಲರೇಟರನ್ನು ಪಂಪು ಹೊಡೆದಂತೆ ಒತ್ತದೆ ಒಂದೇ ಮಟ್ಟದಲ್ಲಿ ಹಿಡಿದಿರಬೇಕು. ಎದುರುಬದುರು ಮೂಲೆಯ ಎರಡು ಚಕ್ರಗಳು, ಅಂದರೆ ಮುಂದಿನ ಎಡ ಮತ್ತು ಹಿಂದಿನ ಬಲ, ಒಟ್ಟಿಗೆ ಹಗುರವಾಗುವ ಗುಂಡಿಗಳಲ್ಲಿ ಈ ಮಾತು ಇನ್ನೂ ಮುಖ್ಯ. ಚಕ್ರ ಜಾರಿದ ಮೇಲೆಯೇ ವ್ಯವಸ್ಥೆಗೆ ಸುದ್ದಿ ತಲುಪುವುದು, ಬ್ರೇಕಿನ ಒತ್ತಡ ಬೆಳೆಯಲು ಮತ್ತೂ ಸ್ವಲ್ಪ ಹೊತ್ತು ಬೇಕು. ಒಂದೆರಡು ಸೆಕೆಂಡು ಜಾರಲು ಬಿಟ್ಟು, ಸದ್ದಿಗೆ ಅಂಜದೆ ಕಾಲನ್ನು ಅಲುಗಿಸದೆ ಹಿಡಿದರೆ ಗಾಡಿ ನಿಧಾನವಾಗಿ ತೆವಳಿಕೊಂಡು ಮೇಲೇರುತ್ತದೆ. ಹೀಗೆ ಮಾಡಿದ ಮೇಲೂ ಗಾಳಿಯಲ್ಲಿರುವ ಚಕ್ರ ತಡೆಯಿಲ್ಲದೆ ತಿರುಗುತ್ತಲೇ ಇದ್ದು, ಕಟಕಟ ಸದ್ದೂ ಇಲ್ಲ, ದೀಪವೂ ಮಿನುಗುತ್ತಿಲ್ಲವೆಂದಾದರೆ, ಬ್ರೇಕಿನ ಕ್ರಿಯೆ ನಡೆಯುತ್ತಿಲ್ಲವೆಂದು ಸಂಶಯಿಸಲು ಅದೊಂದು ಗಟ್ಟಿ ಕಾರಣ. ಫೋರ್ಸ್ ಗೂರ್ಖಾದಂತೆ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇರುವ ಗಾಡಿಯಲ್ಲಿ ಲಾಕ್ ಹಾಕಿದಾಗ ಎರಡು ಬದಿಯ ಚಕ್ರಗಳು ಒಂದೇ ವೇಗದಲ್ಲಿ ತಿರುಗುವುದರಿಂದ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಗದ್ದೆಯಂಚಿನ ಆಳದ ಕೆಸರಿನ ಸ್ಥಿತಿ ಬೇರೆ. ಟೈರಿನ ಗೆರೆಗಳಲ್ಲಿ ತುಂಬಿಕೊಂಡ ಕೆಸರು ಎರಚಿ ಹೋಗಬೇಕಾದರೆ ಚಕ್ರ ಸ್ವಲ್ಪ ವೇಗವಾಗಿ ತಿರುಗಲೇಬೇಕು, ಆದರೆ ವ್ಯವಸ್ಥೆ ಅದಕ್ಕೆ ಅವಕಾಶ ಕೊಡದೆ ಎಂಜಿನ್ನಿನ ಕುತ್ತಿಗೆ ಹಿಸುಕುತ್ತದೆ. ಹೊಯ್ಗೆಯಲ್ಲಿಯೂ ಹಾಗೆಯೇ. ಸಮುದ್ರಕ್ಕೂ ಹೊಳೆಗೂ ನಡುವೆ ಚಾಚಿಕೊಂಡಿರುವ ಪಡುಕೆರೆಯಂಥ ಕಡೆ ಹೊಯ್ಗೆ ತುಂಬಿದ ಓಣಿಗಳಲ್ಲಿ ಗಾಡಿಯ ಓಟವೇ ಅದನ್ನು ದಾಟಿಸಬೇಕಾದದ್ದು. ನಡುವೆ ಬಲ ಕಡಿತವಾದರೆ ಓಟ ತಗ್ಗಿ ಚಕ್ರ ಅಲ್ಲೇ ಇಳಿಯುತ್ತದೆ. ಈ ಎರಡೂ ಕಡೆ ದಾರಿ ಶುರುವಾಗುವ ಮೊದಲೇ ಟ್ರ್ಯಾಕ್ಷನ್ ಕಂಟ್ರೋಲನ್ನು ಆಫ್ ಮಾಡಬೇಕು. ಹೊಯ್ಗೆಯಲ್ಲಾದರೆ ಟೈರಿನ ಗಾಳಿಯನ್ನು ಸುಮಾರು 18ರಿಂದ 20 ಪಿಎಸ್‌ಐಗೆ ಇಳಿಸಿ, ಡಾಂಬರು ಮುಟ್ಟಿದ ಮೇಲೆ ತಪ್ಪದೆ ಮತ್ತೆ ತುಂಬಿಸಬೇಕು. ಅನೇಕ ಗಾಡಿಗಳಲ್ಲಿ ಬಟನನ್ನು ಒಮ್ಮೆ ಒತ್ತಿದರೆ ಬಲ ಕಡಿತ ಮಾತ್ರ ನಿಲ್ಲುತ್ತದೆ, ಕೆಲವು ಸೆಕೆಂಡು ಒತ್ತಿ ಹಿಡಿದರೆ ಸ್ಥಿರತೆಯ ನಿಯಂತ್ರಣವೂ ನಿಲ್ಲುತ್ತದೆ. ವೇಗ ಒಂದು ಮಟ್ಟ ಮೀರಿದಾಗ ಅಥವಾ ಎಂಜಿನ್ ಆರಿಸಿ ಮತ್ತೆ ಶುರು ಮಾಡಿದಾಗ ಅದು ತಾನಾಗಿ ಆನ್ ಆಗುವುದುಂಟು, ಇದನ್ನು ಬಟನ್ ಕೆಟ್ಟಿದೆಯೆಂದು ತಿಳಿಯಬಾರದು. ಪರೀಕ್ಷೆಯ ಹೆಸರಿನಲ್ಲಿ ಗಾಡಿಯನ್ನು ಬೀಚಿಗೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಕುಂದಾಪುರದ ಕಡೆಯ ಕಡಲ ಕರೆಯಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಹೊಯ್ಗೆ ಅಗೆದು ಮೊಟ್ಟೆಯಿಡುತ್ತವೆ. ಚಕ್ರದ ಅಡಿ ಬಿದ್ದ ಗೂಡು ನಮ್ಮ ಕಣ್ಣಿಗೆ ಕಾಣುವುದೂ ಇಲ್ಲ.

ಬಿಸಿಯಿಂದ ಬರುವ ತಾತ್ಕಾಲಿಕ ನಿಲುಗಡೆ

ಒಂದೇ ಏರನ್ನು ಮತ್ತೆ ಮತ್ತೆ ಹತ್ತಲು ಯತ್ನಿಸಿದ ಮೇಲೆ ದೀಪ ಮಿನುಗುವುದನ್ನು ಬಿಟ್ಟು ಸ್ಥಿರವಾಗಿ ಉರಿಯತೊಡಗಿ, ಸ್ವಲ್ಪ ಹೊತ್ತಿನ ನಂತರ ಆರಿದರೆ, ಅದು ದೋಷವಲ್ಲ. ಒಂದೇ ಚಕ್ರಕ್ಕೆ ಪದೇಪದೇ ಬ್ರೇಕ್ ಬೀಳುವುದರಿಂದ ಅದರ ಡಿಸ್ಕ್ ಮತ್ತು ಪ್ಯಾಡ್ ಕಾಯುತ್ತವೆ. ಎಷ್ಟು ಕಾದಿರಬಹುದೆಂದು ಕಂಟ್ರೋಲ್ ಯೂನಿಟ್ ಲೆಕ್ಕ ಹಾಕಿ, ಮಿತಿ ಮೀರುವ ಮೊದಲು ಬ್ರೇಕಿನ ಕ್ರಿಯೆಯನ್ನು ನಿಲ್ಲಿಸುತ್ತದೆ. ಬೇಕಾದಾಗ ಮಾತ್ರ ಹಿಂದಿನ ಚಕ್ರಗಳಿಗೆ ಬಲ ಕಳಿಸುವ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಆ ಬಲವನ್ನು ದಾಟಿಸುವ ಕ್ಲಚ್ ಕಪ್ಲಿಂಗ್ ಕಾದಾಗಲೂ ಹೀಗೆಯೇ ಆಗಿ, ಗಾಡಿ ಕೆಲಕಾಲ ಬರಿಯ ಮುಂದಿನ ಚಕ್ರಗಳ ಗಾಡಿಯಾಗುತ್ತದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಆರಲು ಬಿಡುವುದೇ ಇದಕ್ಕಿರುವ ಪರಿಹಾರ. ಕಾದ ಡಿಸ್ಕಿನ ಮೇಲೆ ತೋಡಿನ ನೀರು ಸುರಿಯಬೇಡಿ, ಡಿಸ್ಕ್ ಡೊಂಕಾಗಬಹುದು.

ನಿಜವಾದ ದೋಷ: ಚಕ್ರದ ಬುಡ

ದೀಪ ಆರದೆ ಉಳಿದಿದೆ, ಎಂಜಿನ್ ಚೆಕ್ ದೀಪ ಇಲ್ಲ, ಗಾಡಿ ತಣ್ಣಗಿದೆ ಎಂದಾದರೆ ಈಗ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಬೇಕು. ಕಡಿಮೆ ಬೆಲೆಯ ಬ್ಲೂಟೂತ್ ಸ್ಕ್ಯಾನರ್‌ಗಳು ಬಹುಮಟ್ಟಿಗೆ ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ, ಹಾಗಾಗಿ ಅದರಲ್ಲಿ ಕೋಡ್ ಇಲ್ಲವೆಂದು ಬಂದರೆ ಎಬಿಎಸ್ ಸರಿಯಿದೆಯೆಂದು ಅರ್ಥವಾಗುವುದಿಲ್ಲ. ಎಬಿಎಸ್ ಯೂನಿಟ್ಟನ್ನು ಓದಬಲ್ಲ ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಕಾಣುವ ಕೋಡುಗಳೆಂದರೆ ಸಿ0035 ಮುಂದಿನ ಎಡ ಚಕ್ರದ ಸೆನ್ಸರಿಗೆ, ಸಿ0040 ಮುಂದಿನ ಬಲಕ್ಕೆ, ಸಿ0045 ಹಿಂದಿನ ಎಡಕ್ಕೆ, ಸಿ0050 ಹಿಂದಿನ ಬಲಕ್ಕೆ. ಕಂಪನಿಯ ಸ್ವಂತ ಕೋಡುಗಳು ಬೇರೆ ಇರಬಹುದು. ಕೋಡ್ ಹೇಳುವುದು ಆ ಚಕ್ರದ ಸುದ್ದಿ ಸರಿಯಾಗಿ ಬರುತ್ತಿಲ್ಲವೆಂದು ಮಾತ್ರ. ಸೆನ್ಸರ್ ಸತ್ತಿದೆಯೆಂದು ಅದು ಹೇಳುತ್ತಿಲ್ಲ, ಆದರೂ ಎಷ್ಟೋ ಕಡೆ ಕೋಡ್ ಓದಿದ ಕೈಯಲ್ಲೇ ಹೊಸ ಸೆನ್ಸರಿನ ಡಬ್ಬ ಒಡೆಯುತ್ತಾರೆ.

ಅದಕ್ಕಿಂತ ಮೊದಲು ಲೈವ್ ಡೇಟಾ, ಅಂದರೆ ಗಾಡಿ ಓಡುತ್ತಿರುವಾಗಲೇ ಸ್ಕ್ಯಾನರ್ ತೋರುವ ಅಂಕಿಗಳನ್ನು ನೋಡಬೇಕು. ಜೊತೆಗೊಬ್ಬರನ್ನು ಕೂರಿಸಿಕೊಂಡು, ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಓಡಿಸಿ, ನಾಲ್ಕೂ ಚಕ್ರಗಳ ವೇಗ ಒಂದೇ ಬರುತ್ತಿದೆಯೇ ಎಂದು ಅವರು ನೋಡಲಿ. ಒಂದು ಚಕ್ರ ಪೂರ್ತಿ ಶೂನ್ಯ ತೋರಿದರೆ ವೈರು ಅಥವಾ ಸೆನ್ಸರ್ ಸಂಶಯಾಸ್ಪದ. ಓಡುತ್ತ ಓಡುತ್ತ ಆಗಾಗ ಬಿದ್ದು ಏಳುತ್ತಿದ್ದರೆ, ಚಕ್ರದೊಂದಿಗೆ ತಿರುಗುತ್ತ ಸೆನ್ಸರಿಗೆ ಸಂಕೇತ ಕೊಡುವ ಹಲ್ಲಿನ ರಿಂಗು ಒಡೆದಿರಬಹುದು, ಅಥವಾ ಸಡಿಲ ವೈರು ಇರಬಹುದು. ವೇಗವಾಗಿ ಓಡುವಾಗ ಸರಿಯಿದ್ದು ನಿಲ್ಲುವ ಮೊದಲು ಮಾತ್ರ ಬಿದ್ದುಹೋಗುತ್ತಿದ್ದರೆ ಸೆನ್ಸರಿಗೂ ರಿಂಗಿಗೂ ನಡುವಿನ ಅಂತರ ಹೆಚ್ಚಿದೆ. ಈ ಕೊನೆಯ ಸ್ಥಿತಿಯನ್ನು ಸ್ಕ್ಯಾನರ್ ಇಲ್ಲದೆಯೂ ಗುರುತಿಸಬಹುದು: ಒಣ ರಸ್ತೆಯಲ್ಲಿ ಮೆಲ್ಲನೆ ನಿಲ್ಲಿಸುವಾಗ ಕೊನೆಯ ಒಂದೆರಡು ಮೀಟರಿನಲ್ಲಿ ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತದೆ.

ಅಂತರ ಹೆಚ್ಚುವುದೇಕೆಂಬುದಕ್ಕೆ ನಮ್ಮ ಕರಾವಳಿಯಲ್ಲಿ ಉತ್ತರ ಸ್ಪಷ್ಟವಾಗಿದೆ. ಉಪ್ಪಿನ ಗಾಳಿ ವರ್ಷವಿಡೀ ಬೀಸುತ್ತದೆ, ಮಳೆ ನಾಲ್ಕು ತಿಂಗಳು ಸುರಿಯುತ್ತದೆ, ಮುರಕಲ್ಲಿನ ಮಣ್ಣು ಒದ್ದೆಯಾಗಿ ಚಕ್ರದ ಬುಡಕ್ಕೆ ಮೆತ್ತಿಕೊಂಡರೆ ವಾರಗಟ್ಟಲೆ ಒಣಗುವುದಿಲ್ಲ. ಸೆನ್ಸರ್ ಕೂರುವ ಕಬ್ಬಿಣದ ತೂತಿನ ಅಂಚಿನಲ್ಲಿ ತುಕ್ಕು ಪದರ ಪದರವಾಗಿ ಉಬ್ಬಿ ಸೆನ್ಸರನ್ನು ಹೊರಕ್ಕೆ ನೂಕುತ್ತದೆ. ಇರಬೇಕಾದ ಅಂತರ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ ಆದ್ದರಿಂದ ತೆಳುವಾದ ತುಕ್ಕೂ ಸಂಕೇತವನ್ನು ಕುಗ್ಗಿಸಲು ಸಾಕು.

ಬಿಚ್ಚುವ ಮೊದಲು ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಾಡಿಯನ್ನು ಎತ್ತಿ ಸ್ಟ್ಯಾಂಡ್ ಕೊಡಿ, ಜಾಕ್ ಒಂದನ್ನೇ ನಂಬಬೇಡಿ. ಚಕ್ರ ತೆಗೆದು ಸುತ್ತಲಿನ ಮಣ್ಣನ್ನು ಕಡಿಮೆ ಒತ್ತಡದ ನೀರಿನಿಂದ ತೊಳೆದು ಒಣಗಿಸಿ. ಸೆನ್ಸರನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದೇ ಬೋಲ್ಟ್. ಅದಕ್ಕೂ ಸೆನ್ಸರಿನ ಅಂಚಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ಚೆನ್ನಾಗಿ ನೆನೆಯಲು ಬಿಡಬೇಕು. ಅವಸರದಲ್ಲಿ ವೈರು ಹಿಡಿದೆಳೆದರೆ ಅಥವಾ ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಲಾಸ್ಟಿಕ್ ತಲೆ ಮುರಿದು ಒಳಗೇ ಉಳಿಯುತ್ತದೆ. ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೊರತೆಗೆಯಿರಿ. ಹೊರಬಂದ ಸೆನ್ಸರಿನ ತುದಿಯಲ್ಲಿ ಕಪ್ಪು ಹುಡಿ ಅಂಟಿಕೊಂಡಿದ್ದರೆ ಅದು ಬ್ರೇಕ್ ಡಿಸ್ಕಿನ ಕಬ್ಬಿಣದ ಧೂಳಾಗಿರಬಹುದು. ಹೊಯ್ಗೆಯಲ್ಲಿ ಓಡಿದ ಗಾಡಿಯಾದರೆ, ಕಡಲ ಕರೆಯ ಹೊಯ್ಗೆಯಲ್ಲಿ ಕಪ್ಪು ಗೆರೆಗಳಾಗಿ ಕಾಣುವ ಭಾರದ ಕಣಗಳಲ್ಲಿ ಅಯಸ್ಕಾಂತಕ್ಕೆ ಅಂಟುವಂಥವೂ ಇವೆ. ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೂರುವ ಜಾಗವನ್ನು ಎಮರಿ ಕಾಗದದಿಂದ ಉಜ್ಜಿ, ಲೋಹ ಹೊಳೆಯುವವರೆಗೆ ತುಕ್ಕು ತೆಗೆದು, ಹುಡಿ ಒಳಗೆ ಬೀಳದಂತೆ ಒರೆಸಿ, ತೆಳುವಾಗಿ ಗ್ರೀಸ್ ಸವರಿ ಮರಳಿ ಕೂರಿಸಿ. ಇಷ್ಟಕ್ಕೇ ದೀಪ ಆರಿದ ಗಾಡಿಗಳನ್ನು ನಾನು ಕಂಡಿದ್ದೇನೆ.

ಈಚಿನ ಗಾಡಿಗಳಲ್ಲಿ ಲೋಹದ ಹಲ್ಲಿನ ರಿಂಗಿನ ಬದಲು ಬೇರಿಂಗಿನ ಸೀಲ್‌ನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಅದರ ಹತ್ತಿರ ಅಯಸ್ಕಾಂತದ ಉಪಕರಣ ಒಯ್ಯಬಾರದು, ಬೇರಿಂಗ್ ಬದಲಿಸುವಾಗ ಅದನ್ನು ಹಿಂದುಮುಂದಾಗಿ ಒತ್ತಬಾರದು. ಇತ್ತೀಚೆಗೆ ಬೇರಿಂಗ್ ಬದಲಿಸಿದ ಚಕ್ರದಲ್ಲೇ ಕೋಡ್ ಬಂದರೆ ಮೊದಲ ಸಂಶಯ ಅದೇ ಆಗಿರಲಿ. ಸೆನ್ಸರ್ ಅಳೆಯುವ ವಿಷಯದಲ್ಲೂ ಎಚ್ಚರ ಬೇಕು. ಸುರುಳಿಯುಳ್ಳ ಹಳೆಯ ಬಗೆಯ ಸೆನ್ಸರ್ ಮಲ್ಟಿಮೀಟರಿನಲ್ಲಿ ಸಾಮಾನ್ಯವಾಗಿ 1000ದಿಂದ 2000 ಓಮ್ ಆಸುಪಾಸು ತೋರುತ್ತದೆ, ಕಂಪನಿಯ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಹೊಸ ಬಗೆಯ ಸಕ್ರಿಯ ಸೆನ್ಸರನ್ನು ಓಮ್ ಅಳತೆಯಿಂದ ಪರೀಕ್ಷಿಸಲಾಗದು. ಅದಕ್ಕೆ ಬರುವ ವೋಲ್ಟೇಜನ್ನು ನೋಡಿ, ಉಳಿದದ್ದನ್ನು ಲೈವ್ ಡೇಟಾದಿಂದ ತಿಳಿಯಬೇಕು.

ವೈರಿನ ಹಾದಿಯನ್ನು ಕೈಯಿಂದ ಮುಟ್ಟಿಕೊಂಡೇ ನೋಡಬೇಕು. ಗುಂಡಿಗಳಲ್ಲಿ ಸಸ್ಪೆನ್ಷನ್ ಪೂರ್ತಿ ಇಳಿದಾಗ ವೈರು ಎಳೆಯಲ್ಪಡುತ್ತದೆ, ಹಿಡಿದಿಡುವ ಕ್ಲಿಪ್ ಕಳಚಿದ್ದರೆ ಟೈರಿಗೆ ಉಜ್ಜುತ್ತದೆ. ಹೊರಗಿನ ಸಿಪ್ಪೆ ಸರಿಯಿದ್ದು ಒಳಗಿನ ತಾಮ್ರ ತುಂಡಾಗಿರುವುದೂ ಉಂಟು, ಹಾಗಾಗಿ ಮೀಟರ್ ಹಾಕಿ ವೈರನ್ನು ಬಾಗಿಸುತ್ತ ನೋಡಿ. ಮಳೆಗಾಲದಲ್ಲಿ ಬಿಸಿ ಹುಡುಕಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ಕಡಿದ ವೈರು ನಮ್ಮಲ್ಲಿ ಅಪರೂಪವಲ್ಲ. ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ರಬ್ಬರ್ ಸೀಲ್ ಹರಿದಿದ್ದರೆ ಅದನ್ನು ಬದಲಿಸಬೇಕು. ಸೀಲ್ ಬಿಟ್ಟು ಪಿನ್ ಮಾತ್ರ ತೊಳೆದರೆ ಮುಂದಿನ ಮಳೆಗೆ ಅದೇ ಕೋಡ್ ಮರಳಿ ಬರುತ್ತದೆ.

ಉಳಿದ ಕಾರಣಗಳು

ಒಂದು ಟೈರು ಹೊಸದು, ಉಳಿದವು ಸವೆದವು, ಅಥವಾ ಒಂದು ಬದಿಯಲ್ಲಿ ಬೇರೆ ಅಳತೆಯದು ಇದ್ದರೆ ಚಕ್ರಗಳ ವೇಗ ನಿರಂತರ ಬೇರೆಯಾಗಿ ಕಾಣುತ್ತದೆ, ಮತ್ತು ಗಟ್ಟಿ ರಸ್ತೆಯಲ್ಲೂ ದೀಪ ಕಾರಣವಿಲ್ಲದೆ ಮಿನುಗಬಹುದು. ವೀಲ್ ಅಲೈನ್‌ಮೆಂಟ್ ಮಾಡಿಸಿದ ಅಥವಾ ಬ್ಯಾಟರಿ ಕಳಚಿದ ಬೆನ್ನಿಗೇ ದೀಪ ಬಂದರೆ ಸ್ಟೀರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರಿನಿಂದ ಶೂನ್ಯಕ್ಕೆ ಹೊಂದಿಸಬೇಕಾದೀತು, ಕೆಲವು ಗಾಡಿಗಳಲ್ಲಿ ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ಸ್ವಲ್ಪ ದೂರ ಓಡಿಸಿದರೂ ಸಾಕು. ಬ್ರೇಕ್ ಪೆಡಲಿನ ಸ್ವಿಚ್ ಕೆಟ್ಟರೂ ಇದೇ ದೀಪ ಉರಿಯುತ್ತದೆ. ಹಿಂದಿನ ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತಿದೆಯೇ ಎಂದು ಗೋಡೆಯ ಎದುರು ನಿಲ್ಲಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಬ್ಯಾಟರಿ ದುರ್ಬಲವಾಗಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹಲವು ದೀಪಗಳು ಒಟ್ಟಿಗೆ ಬರುತ್ತವೆ.

ಯೂನಿಟ್ ಬದಲಿಸಬೇಕೆಂದು ಹೇಳಿದಾಗ

ಎಬಿಎಸ್ ಯೂನಿಟ್ಟಿನೊಂದಿಗೆ ಸಂಪರ್ಕವಿಲ್ಲ ಎಂಬರ್ಥದ ಯು0121 ಕೋಡ್ ಬಂದಾಗ, ಅಥವಾ ಸ್ಕ್ಯಾನರ್ ಆ ಯೂನಿಟ್ಟನ್ನು ಓದಲೇ ಆಗದಿದ್ದಾಗ, ಯೂನಿಟ್ ಹೋಗಿದೆಯೆಂಬ ತೀರ್ಪು ಬೇಗ ಬಂದುಬಿಡುತ್ತದೆ. ಒಪ್ಪುವ ಮೊದಲು ಮೂರು ಪರೀಕ್ಷೆಗಳನ್ನು ನಿಮ್ಮ ಎದುರಿಗೇ ಮಾಡಿಸಿ. ಎಬಿಎಸ್‌ಗೆ ಸೇರಿದ ಎಲ್ಲ ಫ್ಯೂಸುಗಳನ್ನು ಕಣ್ಣಿನಿಂದ ನೋಡಿದರೆ ಸಾಲದು, ಮೀಟರಿನಿಂದ ಅಳೆಯಬೇಕು. ಪಂಪಿಗೂ ಕಂಪ್ಯೂಟರ್ ಭಾಗಕ್ಕೂ ಬೇರೆ ಬೇರೆ ಫ್ಯೂಸ್ ಇರುವುದು ಸಾಮಾನ್ಯ. ಎರಡನೆಯದಾಗಿ, ಯೂನಿಟ್ಟಿನ ಅರ್ತ್ ವೈರು ಗಾಡಿಯ ಲೋಹದ ಮೈಗೆ ಸೇರುವ ಬೋಲ್ಟ್ ಬಿಚ್ಚಿ, ಅಡಿಯಲ್ಲಿ ತುಕ್ಕು ಇದೆಯೇ ನೋಡಬೇಕು. ಪಂಪು ಓಡುತ್ತಿರುವಾಗ ಆ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ಅಳೆದರೆ 0.2 ವೋಲ್ಟಿಗಿಂತ ಹೆಚ್ಚು ಇರಬಾರದು. ಮೂರನೆಯದು ಯೂನಿಟ್ಟಿನ ದೊಡ್ಡ ಕನೆಕ್ಟರ್. ಆಳದ ನೀರು ದಾಟಿದ ಗಾಡಿಗಳಲ್ಲಿ ಅದರೊಳಗೆ ತೇವ ಉಳಿದು ಪಿನ್ನುಗಳು ಕಪ್ಪಾಗಿರುತ್ತವೆ.

ಈ ಮೂರರಲ್ಲೂ ತೊಂದರೆ ಕಾಣದಿದ್ದರೆ ಯೂನಿಟ್ ಬದಲಿಸುವ ಮಾತಿಗೆ ಅರ್ಥವಿದೆ. ಹೊಸ ಯೂನಿಟ್ ಕೂರಿಸಿದ ಮೇಲೆ ಅದಕ್ಕೆ ಗಾಡಿಯ ಕೋಡಿಂಗ್ ಮಾಡಿಸಬೇಕಾಗುತ್ತದೆ, ಬ್ರೇಕ್ ಆಯಿಲ್‌ನ ಗಾಳಿಯನ್ನು ಸ್ಕ್ಯಾನರಿನಿಂದ ವಾಲ್ವ್‌ಗಳನ್ನು ತೆರೆಸಿ ತೆಗೆಯಬೇಕಾಗುತ್ತದೆ, ಹಾಗಾಗಿ ಈ ಎರಡೂ ಸೌಕರ್ಯವಿಲ್ಲದ ಕಡೆ ಕೆಲಸ ಒಪ್ಪಿಸಬೇಡಿ. ಸೆನ್ಸರ್ ಸರಿಪಡಿಸಿದ್ದಾಗಲಿ ಯೂನಿಟ್ ಬದಲಿಸಿದ್ದಾಗಲಿ, ಕೋಡ್ ಅಳಿಸಿದ ಕೂಡಲೇ ದೀಪ ಆರದಿರಬಹುದು. ಅನೇಕ ಗಾಡಿಗಳು ಗಂಟೆಗೆ ಸುಮಾರು 20 ಕಿ.ಮೀ. ವೇಗ ದಾಟಿ ನಾಲ್ಕೂ ಚಕ್ರಗಳ ಸುದ್ದಿ ಕೂಡಿಬಂದ ಮೇಲೆಯೇ ದೀಪವನ್ನು ಆರಿಸುತ್ತವೆ. ಅಲ್ಲಿಯವರೆಗೆ ಎಬಿಎಸ್ ಕೂಡ ಇಲ್ಲವೆಂದೇ ತಿಳಿದು, ಒದ್ದೆ ರಸ್ತೆಯಲ್ಲಿ ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟು ಓಡಿಸಬೇಕು.